ಬೆನ್ನುಹುರಿ ಗಾಯಾಳುಗಳ ಮನೆಗೂ ಆರೈಕೆ ತಲುಪಲಿ

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರ ಸುದ್ದಿ ಕೊಯ್ಲಿನ ಕಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಅವರ ಪಾಡೇನು ಎಂಬುದು ಸುದ್ದಿಯಾಗುವುದಿಲ್ಲ.

ಮರವೇರಿ ಅಡಿಕೆ ಗೊನೆ ಕೊಯ್ಯುತ್ತಿದ್ದ ನಮ್ಮೂರಿನ ಕೊನೆಗಾರರೊಬ್ಬರು ಹೀಗೆ ಬಿದ್ದು ನಾಲ್ಕು ವರ್ಷಗಳಿಂದ ಹಾಸಿಗೆಯಲ್ಲಿದ್ದಾರೆ. ಸೊಂಟದ ಕೆಳಗೆ ಸ್ಪರ್ಶವೇ ತಿಳಿಯದ ಕಾರಣ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ಅವರ ಪತ್ನಿ ರಾತ್ರಿಯಿಡೀ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಏಳುತ್ತಾರೆ. ಹಗಲು ಕೂಲಿಗೆ ಹೋಗುವಂತಿಲ್ಲ. ಮೂತ್ರ ಹೊರಹೋಗಲು ಹಾಕಿದ ನಳಿಕೆ (ಕ್ಯಾತಿಟರ್) ಬದಲಿಸಬೇಕೆಂದರೆ ಪೇಟೆಗೆ ಜೀಪು ಬಾಡಿಗೆ. ಗಾಲಿಕುರ್ಚಿಯೇನೋ ಸಿಕ್ಕಿದೆ, ಆದರೆ ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು! ಈಗ ಅದರ ಮೇಲೆ ಬಟ್ಟೆ ಒಣಗುತ್ತಿದೆ.

ದುಡ್ಡಿಲ್ಲ, ಕಾನೂನಿಲ್ಲ ಎನ್ನುವಂತಿಲ್ಲ. ಹೆಚ್ಚಿನ ನೆರವು ಬೇಕಿರುವವರಿಗೆ ಆರೈಕೆದಾರರ ಭತ್ಯೆ ನೀಡುವ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್‌ನಲ್ಲೇ ಇದೆ. ಗ್ರಾಮ ಪಂಚಾಯಿತಿಗಳು ಶೇ 5ರಷ್ಟು ಹಣವನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಪಾಪ, ಅವರ ದಿನವೆಲ್ಲ ಅರ್ಜಿ, ಪ್ರಮಾಣಪತ್ರಗಳಲ್ಲೇ ಕಳೆದುಹೋಗುತ್ತದೆ.

ಈ ಕಾರ್ಯಕರ್ತರಿಗೂ ಆಶಾ ಕಾರ್ಯಕರ್ತೆಯರಿಗೂ ಹುಣ್ಣು ತಡೆಯುವ, ಮೂತ್ರದ ಸೋಂಕನ್ನು ಬೇಗ ಗುರುತಿಸುವ ತರಬೇತಿಯನ್ನು ಆರೋಗ್ಯ ಇಲಾಖೆ ಕೊಡಲಿ. ತಿಂಗಳಿಗೊಮ್ಮೆಯಾದರೂ ಶುಶ್ರೂಷಕರು ಇಂಥವರ ಮನೆಗೇ ಬರಲಿ. ಮೀಸಲು ಹಣದಲ್ಲಿ ಪಂಚಾಯಿತಿಯು ಮೊದಲು ಮನೆಬಾಗಿಲಿಗೊಂದು ಇಳಿಜಾರು ಕಟ್ಟಿಸಿಕೊಡಲಿ. ಅದಕ್ಕೆ ಬೇಕಿರುವುದು ನಾಲ್ಕು ಚೀಲ ಸಿಮೆಂಟು, ಒಂದು ದಿನದ ಗಾರೆ ಕೆಲಸ.