ತಲೆ ಬೋಳಿಸುವ ಮುಂಚೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿ ಮುಗಿಸುವಷ್ಟರಲ್ಲಿ ನಿನ್ನಮ್ಮನ ಫೋನ್ ಬಂತು. ಅರ್ಧ ಗಂಟೆ ಅತ್ತಳು, ಐದು ನಿಮಿಷ ಮಾತಾಡಿದಳು. ಮುಂಡಗೋಡಿನ ಟಿಬೆಟನ್ ಆಶ್ರಮಕ್ಕೆ ಸೇರಿ ಬೌದ್ಧ ಸನ್ಯಾಸಿನಿ ಆಗ್ತೀನಿ ಅಂದೆಯಂತೆ. ಬೇಡ ಅಂತ ನಿನಗೆ ಬುದ್ಧಿ ಹೇಳಬೇಕಂತೆ ನಾನು. ಬೇಡ ಅನ್ನುವುದಿಲ್ಲ ಪುಟ್ಟಿ. ಹೋಗು ಅಂತ ಇವತ್ತೇ ಹೇಳುವುದೂ ಇಲ್ಲ.

ಮೊದಲು ನಿನ್ನಮ್ಮನ ಅಳುವಿನ ವಿಷಯ. ತಲೆ ಬೋಳಿಸ್ತೀನಿ ಅಂತ ನೀನು ಅಂದ ಕೂಡಲೇ ಅವಳ ಕಣ್ಣ ಮುಂದೆ ಬಂದವಳು ನಮ್ಮ ಅಜ್ಜಿ. ಇಪ್ಪತ್ತು ದಾಟುವಷ್ಟರಲ್ಲಿ ಅಜ್ಜಿಗೆ ಗಂಡ ಹೋದ. ಕೂದಲು ತೆಗೆಸಿ ಕೆಂಪು ಸೀರೆ ಉಡಿಸಿ ಒಳಕೋಣೆಯಲ್ಲಿ ಕೂರಿಸಿದರು. ನಾವು ಚಿಕ್ಕವರಿದ್ದಾಗಲೂ ಕ್ಷೌರದವನು ತಿಂಗಳಿಗೊಮ್ಮೆ ಹಿತ್ತಲಿಗೆ ಬರುತ್ತಿದ್ದ, ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಬಗ್ಗಿಸಿ ಕೂರುತ್ತಿದ್ದಳು, ನಾನೂ ನಿನ್ನಮ್ಮನೂ ಬಾವಿಕಟ್ಟೆ ಹಿಂದೆ ನಿಂತು ಅದನ್ನು ನೋಡಿದ್ದೇವೆ. ಅಜ್ಜಿಯ ಕೂದಲನ್ನು ಕಿತ್ತುಕೊಂಡರು. ನೀನು ನಿನ್ನದನ್ನು ನೀನಾಗಿ ಕೊಡ್ತೀನಿ ಅಂತಿದ್ದೀಯ. ಎರಡೂ ಒಂದೇ ಅಲ್ಲ ಅಂತ ನಿನ್ನಮ್ಮನಿಗೆ ಮನಸ್ಸಿಗೆ ಇಳಿಯುವುದಕ್ಕೆ ಟೈಮ್ ಬೇಕು. ಅದನ್ನು ಕೊಡು. ಬೌದ್ಧ ಸಂಘದ ನಿಯಮವೂ ಅದನ್ನೇ ಕೇಳುತ್ತದೆ. ಬುದ್ಧ ತನ್ನ ಮಗ ರಾಹುಲನಿಗೆ ದೀಕ್ಷೆ ಕೊಡಿಸಿದಾಗ ತಾತ ಶುದ್ಧೋದನ ತುಂಬಾ ನೊಂದುಕೊಂಡ, ಇನ್ನು ಮುಂದೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಯಾರ ಮಗುವಿಗೂ ದೀಕ್ಷೆ ಬೇಡ ಅಂತ ಬೇಡಿಕೊಂಡ, ಬುದ್ಧ ಒಪ್ಪಿದ.

ದೀಕ್ಷೆಯ ಹೊತ್ತಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ಸಾಲ ಇದೆಯಾ ಅಂತ. ನಿನ್ನ ಎಜುಕೇಶನ್ ಲೋನ್ ಇನ್ನೂ ತೀರಿಲ್ಲ ಅಲ್ವಾ? ಅದನ್ನು ಅಪ್ಪನ ತಲೆ ಮೇಲೆ ಹಾಕಿ ಹೋಗಬೇಡ. ಮೊದಲು ತೀರಿಸು.

ಈಗ ನಾನು ನಿಜವಾಗಿ ಹೇಳಬೇಕಾದ ಮಾತು. ನೀನು ಬರೆದದ್ದರಲ್ಲೆಲ್ಲಾ ಭಕ್ತಿಯೇ ಇದೆ. ದೀಪ, ಮಂತ್ರ, 108 ಮಣಿಯ ಜಪಮಾಲೆ, ತಾರಾದೇವಿಯ ಪ್ರಾರ್ಥನೆ ಕೇಳುವಾಗ ಕಣ್ಣು ತುಂಬಿ ಬಂದದ್ದು. ಎಲ್ಲಾ ಚೆನ್ನಾಗಿದೆ. ಆದರೆ ಓದಿನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಹೆದರಿಕೆ ಆಗಿದ್ದು ಅಲ್ಲಿ.

ಯಾಕೆ ಅಂದರೆ ಹೆಂಗಸರಿಗೆ ಭಕ್ತಿಯನ್ನು ಯಾರೂ ಯಾವತ್ತೂ ಬೇಡ ಅಂದಿಲ್ಲ. ನಿನ್ನ ವಯಸ್ಸಲ್ಲಿ ನಾನು ಒಂದು ಮಠಕ್ಕೆ ಹೋಗುತ್ತಿದ್ದೆ, ಯಾವುದು ಅನ್ನುವುದು ಬೇಡ. ಪಾಠ ನಡೆಯುವ ಜಗಲಿಯ ಪಕ್ಕ ಕೂತು ಎರಡು ವರ್ಷ ಹೂಬತ್ತಿ ಹೊಸೆದೆ. ಒಂದು ದಿನ ಧೈರ್ಯ ಮಾಡಿ ನನಗೂ ಹೇಳಿಕೊಡಿ ಅಂದೆ. ನಿಮಗೆ ಸೇವೆಯೇ ಸಾಕು ತಾಯಿ ಅಂದರು, ಬಹಳ ಪ್ರೀತಿಯಿಂದಲೇ ಅಂದರು. ಒಳಗೆ ಹುಡುಗರು ಶ್ಲೋಕಕ್ಕೆ ಅರ್ಥ ಕೇಳುತ್ತಿದ್ದರು, ನನ್ನ ಮಡಿಲಲ್ಲಿ ಬತ್ತಿ ತುಂಬಿತ್ತು. ನಲವತ್ತು ವರ್ಷ ಆದರೂ ಆ ಬೇಜಾರು ಹೋಗಿಲ್ಲ.

ಟಿಬೆಟನ್ ಆಶ್ರಮಗಳಲ್ಲೂ ಬಹಳ ಕಾಲ ಹೀಗೇ ಇತ್ತು. ಸನ್ಯಾಸಿನಿಯರು ಪೂಜೆ, ಪ್ರಾರ್ಥನೆ ಮಾಡುತ್ತಿದ್ದರು, ತರ್ಕ ಮತ್ತು ದರ್ಶನದ ದೊಡ್ಡ ಓದು ಗಂಡಸರ ಪಾಲಾಗಿತ್ತು. ಆ ಓದಿನ ಕೊನೆಗೆ ಸಿಗುವ ಪದವಿ ಗೆಶೆ. ಅದಕ್ಕೆ ಸನ್ಯಾಸದ ಕಟ್ಟುಪಾಡುಗಳ ವಿನಯ ಗ್ರಂಥವನ್ನು ಪೂರ್ತಿ ಓದಬೇಕು, ಪೂರ್ತಿ ಓದಲು ಪೂರ್ಣ ದೀಕ್ಷೆ, ಅಂದರೆ ಭಿಕ್ಷು ಅಥವಾ ಭಿಕ್ಷುಣಿಯ ದೀಕ್ಷೆ, ಆಗಿರಬೇಕು, ಹೆಂಗಸರಿಗೆ ಪೂರ್ಣ ದೀಕ್ಷೆ ಕೊಡುವ ಪರಂಪರೆ ಟಿಬೆಟ್‌ಗೆ ಬಂದೇ ಇರಲಿಲ್ಲ. ಒಂದು ಬಾಗಿಲಿಗೆ ಇನ್ನೊಂದು ಬಾಗಿಲಿನ ಬೀಗ. 2012ರಲ್ಲಿ ಸನ್ಯಾಸಿನಿಯರಿಗೂ ಗೆಶೆಮಾ, ಅಂದರೆ ಹೆಂಗಸರ ಗೆಶೆ, ಪದವಿ ಕೊಡುವುದು ಅಂತ ತೀರ್ಮಾನ ಆಯಿತು. 2016ರ ಡಿಸೆಂಬರ್‌ನಲ್ಲಿ ಇದೇ ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಅವರ ಕೈಯಿಂದ 20 ಜನ ಸನ್ಯಾಸಿನಿಯರು ಮೊದಲ ಸಲ ಆ ಪದವಿ ತಗೊಂಡರು. ಸುಮ್ನೆ ಸಿಕ್ಕಿದ್ದಲ್ಲ ಅದು. ಹದಿನೇಳು ವರ್ಷಕ್ಕೂ ಜಾಸ್ತಿ ಓದು, ಆಮೇಲೆ ನಾಲ್ಕು ವರ್ಷ ಪರೀಕ್ಷೆ, ಬರೆಯುವುದೂ ಉಂಟು, ಎದುರಿಗೆ ನಿಂತು ವಾದ ಮಾಡುವುದೂ ಉಂಟು.

ಆ ವಾದವನ್ನು ನೀನು ನೋಡಿಲ್ಲ ಅನ್ನಿಸುತ್ತದೆ. ನಾನು ಮುಂಡಗೋಡಿನಲ್ಲೇ ಇರುವ ಸನ್ಯಾಸಿನಿಯರ ಜಾಂಗ್‌ಚುಬ್ ಛೋಲಿಂಗ್ ಆಶ್ರಮದ ಅಂಗಳದಲ್ಲಿ ಒಂದು ಸಂಜೆ ನೋಡಿದೆ. ಉತ್ತರ ಹೇಳುವವಳು ನೆಲದ ಮೇಲೆ ಕೂರುತ್ತಾಳೆ, ಪ್ರಶ್ನೆ ಕೇಳುವವಳು ನಿಲ್ಲುತ್ತಾಳೆ. 'ಧೀಃ' ಅಂತ ಶುರು, ಅದು ಜ್ಞಾನದ ಬೋಧಿಸತ್ವ ಮಂಜುಶ್ರೀಯ ಬೀಜಾಕ್ಷರ. ಅವತ್ತು ನಿಂತಿದ್ದವಳು ನಿನಗಿಂತ ಚಿಕ್ಕವಳು, ಕೂತಿದ್ದವಳಿಗೆ ಐವತ್ತರ ಮೇಲಾಗಿತ್ತು. ಚಿಕ್ಕವಳು ಜಪಮಾಲೆಯನ್ನು ತೋಳಿಗೆ ಏರಿಸಿಕೊಂಡು, ಬಲಗೈ ಮೇಲೆತ್ತಿ, ಎಡಗಾಲು ನೆಲಕ್ಕೆ ಅಪ್ಪಳಿಸುವ ಹೊತ್ತಿಗೇ ಅಂಗೈಗೆ ಅಂಗೈ ಹೊಡೆದಳು. ಪಟಾರ್ ಅಂತ ಸದ್ದು. ಹಿರಿಯವಳು ಒಂದು ಕ್ಷಣ ಸುಮ್ಮನಾಗಿ, ನಕ್ಕು, ಇನ್ನೇನೋ ಉತ್ತರ ಕೊಟ್ಟಳು. ಭಾಷೆ ನನಗೆ ಒಂದಕ್ಷರ ಗೊತ್ತಾಗಲಿಲ್ಲ. ಆದರೂ ಕತ್ತಲಾಗುವವರೆಗೆ ಎದ್ದು ಬರಲಿಲ್ಲ. ಹೆಣ್ಣುಮಕ್ಕಳು ಅಷ್ಟು ಗಟ್ಟಿ ದನಿಯಲ್ಲಿ ಧರ್ಮದ ಬಗ್ಗೆ ಜಗಳ ಆಡುವುದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸೇರುವುದಾದರೆ ಓದಿಸುವ ಜಾಗಕ್ಕೆ ಸೇರು. ಹೋದಾಗ ಕೇಳಬೇಕಾದ್ದನ್ನು ನಾಚಿಕೆ ಬಿಟ್ಟು ಕೇಳು. ದಿನಕ್ಕೆ ಎಷ್ಟು ಹೊತ್ತು ಪಾಠ, ಎಷ್ಟು ಹೊತ್ತು ಪೂಜೆ, ವಾದ ಕಲಿಸುತ್ತಾರಾ, ಕಲಿಸುವವರಲ್ಲಿ ಹೆಂಗಸರು ಇದ್ದಾರಾ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ವಯಸ್ಸಾದ ಸನ್ಯಾಸಿನಿಯರು ಎಲ್ಲಿರುತ್ತಾರೆ. ಈ ಕೊನೆಯದನ್ನು ಮರೆಯಬೇಡ, ಒಂದು ಜಾಗ ಎಂಥದ್ದು ಅಂತ ಅಲ್ಲಿನ ಮುದುಕಿಯರ ಕೋಣೆ ನೋಡಿದರೆ ಗೊತ್ತಾಗುತ್ತದೆ. ಓದೆಲ್ಲ ಟಿಬೆಟನ್‌ನಲ್ಲಿ, ಹಾಗಾಗಿ ಭಾಷೆಯನ್ನು ಈಗಲೇ ಶುರು ಮಾಡು.

ಹೆಣ್ಣಿಗೆ ಈ ದಾರಿ ಮೊದಲಿಂದಲೂ ಸಲೀಸಾಗಿ ಸಿಕ್ಕಿಲ್ಲ. ಬುದ್ಧನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ಮಹಾಪ್ರಜಾಪತಿ ಗೋತಮಿ ದೀಕ್ಷೆ ಕೇಳಿದಾಗ ಬುದ್ಧನೇ ಬೇಡ ಅಂದ. ಅವಳು ತಾನೇ ಕೂದಲು ಕತ್ತರಿಸಿಕೊಂಡು, ಕಾವಿ ಸುತ್ತಿಕೊಂಡು, ಬೇರೆ ಹೆಂಗಸರ ಜೊತೆ ವೈಶಾಲಿವರೆಗೂ ನಡೆದಳು. ಕಾಲು ಊದಿತ್ತು, ಮೈಯೆಲ್ಲಾ ಧೂಳು, ಬಾಗಿಲ ಹೊರಗೆ ಅಳುತ್ತಾ ನಿಂತಿದ್ದಳು. ಆನಂದ ಅವಳ ಪರ ಮಾತಾಡಿದ. ಹೆಂಗಸಿಗೆ ಮುಕ್ತಿ ಸಾಧ್ಯವೋ ಇಲ್ಲವೋ ಅಂತ ನೇರವಾಗಿ ಕೇಳಿದ. ಸಾಧ್ಯ ಅಂತಲೇ ಬುದ್ಧ ಹೇಳಬೇಕಾಯಿತು. ಒಪ್ಪಿಗೆಯ ಜೊತೆ ಎಂಟು ಕಟ್ಟುಪಾಡುಗಳೂ ಬಂದವು. ದೀಕ್ಷೆ ಆಗಿ ನೂರು ವರ್ಷವಾದ ಭಿಕ್ಷುಣಿಯೂ ಇವತ್ತು ದೀಕ್ಷೆ ತಗೊಂಡ ಭಿಕ್ಷುವಿಗೆ ಎದ್ದು ಕೈ ಮುಗಿಯಬೇಕು ಅನ್ನುವುದು ಅದರಲ್ಲಿ ಒಂದು. ನನಗೆ ಅದು ಸರಿ ಅನ್ನಿಸುವುದಿಲ್ಲ. ನೀನು ಹೋಗುವ ಕಡೆ ಇಂಥವು ಇನ್ನೂ ಇರಬಹುದು, ಗೊತ್ತಿದ್ದೇ ಹೋಗು. ಬದಲಾಗುತ್ತಲೂ ಇದೆ. ಸಾವಿರ ವರ್ಷದ ಹಿಂದೆ ಶ್ರೀಲಂಕಾದಲ್ಲಿ ನಿಂತುಹೋಗಿದ್ದ ಭಿಕ್ಷುಣಿ ದೀಕ್ಷೆ 1990ರ ದಶಕದಲ್ಲಿ ಮತ್ತೆ ಶುರುವಾಯಿತು, 2022ರಲ್ಲಿ ಭೂತಾನಿನಲ್ಲಿ ನೂರಕ್ಕೂ ಹೆಚ್ಚು ಸನ್ಯಾಸಿನಿಯರಿಗೆ ಪೂರ್ಣ ದೀಕ್ಷೆ ಆಯಿತು.

ಸೋಮಾ ಅನ್ನುವ ಥೇರಿಯ, ಅಂದರೆ ಬುದ್ಧನ ಕಾಲದ ಹಿರಿಯ ಭಿಕ್ಷುಣಿಯ, ಕಥೆ ನಿನಗೆ ಇಷ್ಟ ಆಗಬಹುದು. ಎರಡು ಬೆರಳಿನ ಬುದ್ಧಿಯ ಹೆಂಗಸಿಗೆ ಋಷಿಗಳ ಆ ಎತ್ತರ ಸಿಕ್ಕೀತಾ ಅಂತ, ಸಾಧಕರ ಮನಸ್ಸು ಕೆಡಿಸಲು ಬರುವ ಮಾರ ಅವಳನ್ನು ಹಂಗಿಸುತ್ತಾನೆ. ಅನ್ನ ಬೆಂದಿದೆಯಾ ಅಂತ ಅಗುಳನ್ನು ಎರಡು ಬೆರಳಲ್ಲಿ ಹಿಸುಕಿ ನೋಡುತ್ತೇವಲ್ಲ, ಆ ಎರಡು ಬೆರಳು. ಮನಸ್ಸು ನೆಟ್ಟಗೆ ನಿಂತಿದ್ದರೆ ಹೆಣ್ಣಾಗಿರುವುದರಿಂದ ಏನು ಅಡ್ಡಿ ಅಂತ ಕೇಳುತ್ತಾಳೆ ಅವಳು. ಒಲೆ ಮುಂದೆ ನಿಂತಾಗ ನನಗೆ ಅವಳ ನೆನಪು ಬರುತ್ತದೆ.

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡ. ಹೋದ ತಿಂಗಳು ನೋಡಲು ಬಂದ ಗಂಡಿನ ಕಡೆಯವರು ಆಡಿದ ಮಾತು ಗೊತ್ತಾಯಿತು. ನಿನ್ನ ನಿರ್ಧಾರ ಅದಕ್ಕೂ ಮುಂಚಿನದಾ, ಆಮೇಲಿನದಾ? ಮದುವೆ ಬೇಡ ಅನ್ನುವುದಕ್ಕೆ ದೀಕ್ಷೆ ಬೇಕಿಲ್ಲ. ಬೇಡ ಅಂದರೆ ಸಾಕು, ಅದಕ್ಕೆ ನಾನು ನಿನ್ನ ಜೊತೆ ನಿಲ್ಲುತ್ತೇನೆ, ನಿನ್ನಪ್ಪನ ಹತ್ತಿರ ನಾನೇ ಮಾತಾಡುತ್ತೇನೆ. ಉತ್ತರ ನನಗೆ ಹೇಳದಿದ್ದರೂ ಪರವಾಗಿಲ್ಲ.

ಒಂದು ವರ್ಷ ಮನೆಯಲ್ಲೇ ಇದ್ದು ಮಾಡು. ಬೆಳಿಗ್ಗೆ ಏಳು ಬಟ್ಟಲು ನೀರು ಇಡು. ಎಡದಿಂದ ಬಲಕ್ಕೆ ತುಂಬಿಸುತ್ತಾ ಹೋಗಬೇಕು, ಬಟ್ಟಲು ಬಟ್ಟಲಿನ ನಡುವೆ ಒಂದು ಜವೆಗೋಧಿ ಕಾಳಿನಷ್ಟು ಜಾಗ. ಅಂಚಿನವರೆಗೂ ತುಂಬಬೇಡ, ಚೆಲ್ಲಬಾರದು. ಸಂಜೆ ನೀರನ್ನು ಗಿಡಕ್ಕೆ ಹಾಕಿ, ಒರೆಸಿ, ಬೋರಲು ಹಾಕಿ ಇಡು. ಆಫೀಸಿಗೆ ಲೇಟ್ ಆದ ದಿನ, ಮನಸ್ಸಿಲ್ಲದ ದಿನ, ಅಮ್ಮನ ಜೊತೆ ಜಗಳ ಆದ ದಿನವೂ ಇಡು. ಆಮೇಲೆ ಅರ್ಧ ಗಂಟೆ ಓದು, ಓದಿದ್ದರಲ್ಲಿ ಗೊತ್ತಾಗದ ಒಂದನ್ನಾದರೂ ಬರೆದಿಡು. ಆ ಬರೆದಿಟ್ಟ ಪ್ರಶ್ನೆಗಳೇ ಅಲ್ಲಿಗೆ ನೀನು ತಗೊಂಡು ಹೋಗುವ ಸಾಮಾನು.

ರಜೆ ಸಿಕ್ಕಾಗ ಹುಬ್ಬಳ್ಳಿಗೆ ಬಾ. ಅಲ್ಲಿಂದ ಮುಂಡಗೋಡಿಗೆ ಒಟ್ಟಿಗೆ ಬಸ್ಸಲ್ಲಿ ಹೋಗೋಣ, ಸಂಜೆ ವಾದದ ಹೊತ್ತಿಗೆ ಸರಿಯಾಗಿ ತಲುಪುತ್ತೇವೆ. ನಿನ್ನಮ್ಮನನ್ನೂ ಕರೆದುಕೊಂಡು ಬಾ. ಆ ಅಂಗಳದಲ್ಲಿ ಬೋಳುತಲೆಯ ಹುಡುಗಿಯರು ಚಪ್ಪಾಳೆ ಹೊಡೆದು ನಗುವುದನ್ನು ಅವಳೂ ಒಂದು ಸಲ ನೋಡಲಿ.

ನಿನ್ನ
ದೊಡ್ಡಮ್ಮ