ಮಳೆ ಲೆಕ್ಕದ ಜೊತೆ ಗಂಟೆಯೂ ಅಚ್ಚಾಗಲಿ

ಮಾನ್ಯರೇ,

ವಿಶಾಖ ಮಳೆಯ ಈ ವಾರ ಬೆಂಗಳೂರಿನ ಆಕಾಶ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲಿಲ್ಲ. ಮೊದಲು ಬಿಸಿಲೇ ಕಾಣದ ಸೋನೆ, ನಡುವೆ ಒಂದು ಸಂಜೆ ಜೋರು ಮಳೆ, ಕೊನೆಗೆ ಒಣ ಹವೆ, ದೇವನಹಳ್ಳಿ ಕಡೆ ಮಂಜು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತಮಿಳುನಾಡು ಕರಾವಳಿಯತ್ತ ಸರಿದಾಗ ಹಿಂಗಾರಿನಲ್ಲಿ ಹೀಗಾಗುವುದು ಮಾಮೂಲು. ಆದರೆ ಪತ್ರಿಕೆಗಳ ಹವಾಮಾನದ ಚೌಕ ನೋಡಿದರೆ ಇದರಲ್ಲಿ ಅರ್ಧವೂ ತಿಳಿಯುವುದಿಲ್ಲ.

ಹವಾಮಾನ ಇಲಾಖೆ ದಿನದ ಮಳೆ ಎಂದು ಲೆಕ್ಕ ಹಾಕುವುದು ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಮಂಗಳವಾರ ಸಂಜೆ 7ಕ್ಕೆ ಸುರಿದದ್ದು ಬುಧವಾರದ ಖಾತೆಗೆ ಸೇರಿ ಗುರುವಾರದ ಪತ್ರಿಕೆಯಲ್ಲಿ ‘ನಿನ್ನೆಯ ಮಳೆ’ ಆಗುತ್ತದೆ. ಬುಧವಾರ ಬಟ್ಟೆ ಒಣಗಿಸಿದವರು ಇದನ್ನು ನಂಬುವುದಾದರೂ ಹೇಗೆ? ಯಾವ ಗಂಟೆಯಿಂದ ಯಾವ ಗಂಟೆವರೆಗಿನ ಮಳೆ ಎಂಬುದೂ ಅಂಕಿಯ ಪಕ್ಕ ಅಚ್ಚಾಗಲಿ. ಇನ್ನೊಂದು ತೊಡಕು: 24 ಗಂಟೆಯಲ್ಲಿ 2.5 ಮಿ.ಮೀ. ಆದರೆ ಮಾತ್ರ ಅದು ‘ಮಳೆ ದಿನ’. ಬೆಳಗಿನಿಂದ ಸಂಜೆವರೆಗೆ ಜಿಟಿಜಿಟಿ ಹಿಡಿದು, ರಸ್ತೆ ಆರದೆ, ಸ್ಕೂಟರ್‌ಗಳು ಜಾರಿದ ದಿನವೂ 2 ಮಿ.ಮೀ.ನಲ್ಲಿ ನಿಂತರೆ ಲೆಕ್ಕಕ್ಕಿಲ್ಲ.

ಉಷ್ಣಾಂಶದ್ದು ಇನ್ನೂ ದೊಡ್ಡ ಎಡವಟ್ಟು. ನವೆಂಬರ್‌ನಲ್ಲಿ ನಗರದ ವಾಡಿಕೆ ಗರಿಷ್ಠ ಸುಮಾರು 27 ಡಿಗ್ರಿ, ಕನಿಷ್ಠ 17–18ರ ಆಸುಪಾಸು. ಮೋಡ ಕವಿದ ದಿನ ಬಿಸಿಲು ನೆಲ ಮುಟ್ಟದೆ ಗರಿಷ್ಠ 21–22ಕ್ಕೇ ನಿಲ್ಲುತ್ತದೆ; ನೆಲದ ಕಾವನ್ನು ಮೋಡ ಹೊರಗೆ ಬಿಡದ ಕಾರಣ ರಾತ್ರಿ 18–19ಕ್ಕಿಂತ ಇಳಿಯುವುದಿಲ್ಲ. ಅಂದರೆ ಜನ ನಡುಗುವುದು ಹಗಲಿನ ಚಳಿಗೆ. ಕನಿಷ್ಠ ಉಷ್ಣಾಂಶವೊಂದನ್ನೇ ಹಿಡಿದು ಬರೆದರೆ ಆ ದಿನಗಳು ಬೆಚ್ಚಗಿದ್ದಂತೆ ಕಾಣುತ್ತವೆ. ಮೋಡ ಚದುರಿದ ಮೇಲೆ ಇದು ತಿರುಗುಮುರುಗು: ಹಗಲು 27–28, ಬೆಳಗಿನ ಜಾವ 15. ನೆಲ ಒದ್ದೆ, ಆಕಾಶ ನಿಚ್ಚಳ, ಗಾಳಿ ಸ್ತಬ್ಧ, ಈ ಮೂರೂ ಒಂದೇ ಸಂಜೆ ಕೂಡಿದರೆ ಮರುದಿನ ವಿಮಾನ ನಿಲ್ದಾಣದ ಬಯಲಿನಲ್ಲಿ ಮಂಜು ಕಟ್ಟುವ ಸಂಭವ ಹೆಚ್ಚು. ಕಾಂಕ್ರೀಟಿನ ಕಾವಿರುವ ಮೆಜೆಸ್ಟಿಕ್‌ನಲ್ಲಿ ಅದರ ಸುಳಿವೂ ಇರದು. ಆದ್ದರಿಂದ ನಗರ, ಎಚ್‌ಎಎಲ್, ಕೆಂಪೇಗೌಡ ವಿಮಾನ ನಿಲ್ದಾಣ, ಈ ಮೂರು ಹವಾಮಾನ ಕೇಂದ್ರಗಳ ಅಂಕಿ ಬೇರೆ ಬೇರೆಯಾಗಿಯೇ ಬರಬೇಕು.

ಹೊಸಕೋಟೆ, ದೊಡ್ಡಬಳ್ಳಾಪುರ, ಆನೇಕಲ್ ಸೀಮೆಯ ರಾಗಿ ಬೆಳೆಗಾರರಿಗಂತೂ ಮಿಲಿಮೀಟರ್‌ಗಿಂತ ಗಾಳಿಯ ತೇವಾಂಶ ಮುಖ್ಯ. ಒಂದೇ ಗಂಟೆಯಲ್ಲಿ 30 ಮಿ.ಮೀ. ಹೊಡೆದು ಮರುದಿನ ಬಿಸಿಲು ಬಿದ್ದರೆ ಕೊಯ್ದು ಹೊಲದಲ್ಲೇ ಅರಿ ಹಾಕಿದ ರಾಗಿ ಬಹುಪಾಲು ಉಳಿಯುತ್ತದೆ, ನೀರು ನಿಲ್ಲದ ಹೊಲವಾಗಿದ್ದರೆ. ಮೂರು ದಿನದ ಸೋನೆಗೆ ಉಳಿಯದು. ಮುಷ್ಟಿ ಮಡಿಸಿದಂತಿರುವ ತೆನೆಯ ಒಳಮೈಯಲ್ಲಿ ತೇವ ಕೂತು ಕಾಳು ಅಲ್ಲೇ ಮೊಳೆಯುತ್ತದೆ, ಹುಲ್ಲು ಕಪ್ಪಾಗುತ್ತದೆ, ದನ ಮೂಸುವುದಿಲ್ಲ. ಅವಸರಕ್ಕೆ ಹಸಿಯಾಗಿಯೇ ಹೊರೆ ಕಟ್ಟಿ ಮೆದೆ ಒಟ್ಟಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಸಂಜೆ 5.30ರ ತೇವಾಂಶವೂ ಇಳಿಯದಿದ್ದರೆ ಮರುದಿನ ಕುಡುಗೋಲು ಹಿಡಿಯದಿರುವುದೇ ಲೇಸು. ಆ ಅಂಕಿ ಇಲಾಖೆಯ ಬಳಿ ದಿನವೂ ಇರುತ್ತದೆ, ಅಚ್ಚಾಗುವುದಿಲ್ಲ ಅಷ್ಟೆ.

ಮನೆಯಲ್ಲೇ ಮಳೆ ಅಳೆದು ತಾಳೆ ನೋಡುವವರು ನೇರ ಗೋಡೆಯ ಡಬ್ಬ ಬಳಸಿ. ಕುತ್ತಿಗೆ ಕಿರಿದಾದ ಬಾಟಲಿಯ ಅಳತೆ ಸುಳ್ಳು ಹೇಳುತ್ತದೆ. ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಲಿ, ಗೋಡೆ ಅಥವಾ ಮರದಿಂದ ಅದರ ಎತ್ತರದ ಎರಡು ಪಟ್ಟು ದೂರವಿರಲಿ, ಬೆಳಗ್ಗೆ 8.30ಕ್ಕೇ ಅಳೆಯಿರಿ.

ಹಾಗೆಯೇ ‘ಭಾರಿ ಮಳೆ’ ಎಂಬ ಶೀರ್ಷಿಕೆಯನ್ನು ಇಲಾಖೆಯ ಅರ್ಥದಲ್ಲಿ, ಅಂದರೆ ದಿನಕ್ಕೆ 64.5 ಮಿ.ಮೀ. ದಾಟಿದಾಗ ಮಾತ್ರ ಬಳಸಿದರೆ ಉಪಕಾರ. 20 ಮಿ.ಮೀ.ಗೆ ಅಂಡರ್‌ಪಾಸ್ ತುಂಬಿದರೆ ಅದು ಚರಂಡಿಯ ಸುದ್ದಿ.

– ಓದುಗ, ಯಲಹಂಕ, ಬೆಂಗಳೂರು