ಸ್ಕೌಟ್ ಪ್ರತಿಜ್ಞೆ: ಆಯ್ಕೆ ಇರುವುದನ್ನು ಮಕ್ಕಳಿಗೆ ಹೇಳಿ

ಮಾನ್ಯರೇ,

ತೀರ್ಥಹಳ್ಳಿ ಕಡೆಯ ಶಾಲೆಯೊಂದರಲ್ಲಿ ದೇವರನ್ನು ನಂಬದ ಮನೆಯ ಹುಡುಗನೊಬ್ಬ ಸ್ಕೌಟ್ ಸೇರುವುದನ್ನೇ ಬಿಟ್ಟ. ಪ್ರತಿಜ್ಞೆಯಲ್ಲಿ 'ದೇವರು' ಎನ್ನದಿದ್ದರೆ ಸ್ಕಾರ್ಫ್ ಇಲ್ಲ ಎಂದರಂತೆ. ಇದು ತಪ್ಪು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ನಿಯಮದಲ್ಲೇ, ಬೇಕಾದವರು 'ದೇವರು' ಬದಲು 'ಧರ್ಮ' ಎನ್ನಬಹುದು. ಬ್ರಿಟನ್ನಿನ ಸ್ಕೌಟ್ ಸಂಸ್ಥೆಯಂತೂ 2014ರಿಂದ ನಂಬಿಕೆ ಇಲ್ಲದವರಿಗೆ ಬೇರೆ ಪ್ರತಿಜ್ಞೆಯನ್ನೇ ಕೊಟ್ಟಿದೆ. ನಮ್ಮಲ್ಲೂ ಅಂಥದ್ದು ಬರಲಿ.

ನಾನು ದಿನಾ ದೇವರಿಗೆ ದೀಪ ಹಚ್ಚುವವಳು. ಆದರೂ ಒತ್ತಾಯದಿಂದ ಹೇಳಿಸಿದ್ದು ಪ್ರತಿಜ್ಞೆ ಆಗುವುದಿಲ್ಲ, ಅಲ್ವಾ? ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ಮಳೆಗಾಲದಲ್ಲಿ ಊರಿಗೆ ನೆರವು: ಇವನ್ನು ಕಲಿಯಲು ಎಲ್ಲ ಮಕ್ಕಳಿಗೂ ಹಕ್ಕಿದೆ. ಶಿವಮೊಗ್ಗ ಜಿಲ್ಲಾ ಸಂಸ್ಥೆಯವರು ಈ ಆಯ್ಕೆಯನ್ನು ಸ್ಕೌಟ್ ಮಾಸ್ಟರ್‌ಗಳಿಗೂ ಪೋಷಕರಿಗೂ ಮೊದಲೇ ಬರೆದು ತಿಳಿಸಬೇಕು.

– ಒಬ್ಬ ಪೋಷಕಿ, ತೀರ್ಥಹಳ್ಳಿ